ಸತ್ತ ಮಣ್ಣನ್ನು ಬದುಕಿಸಿದವರು: ಯತೆಂಗಾದ ರೈತರ ಚರಿತ್ರೆ

ಸಾಹಿಲ್ ಎಂಬ ಅರಬಿ ಪದ ನಿಮಗೆ ಗೊತ್ತಿರುತ್ತದೆ. ದಡ, ಕರಾವಳಿ ಅಂತ ಅರ್ಥ. ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರೂ ಹೌದು. ಸಹಾರಾ ಮರಳುಗಾಡನ್ನು ಒಂಟೆಗಳ ಮೇಲೆ ದಾಟಿ ದಕ್ಷಿಣಕ್ಕೆ ಇಳಿದ ವ್ಯಾಪಾರಿಗಳಿಗೆ ಮೊದಲು ಕಾಣುವ ಹುಲ್ಲು, ಕುರುಚಲು ಗಿಡಗಳ ಪಟ್ಟಿ ಸಮುದ್ರಯಾನ ಮುಗಿಸಿದವರಿಗೆ ದಡ ಕಂಡ ಹಾಗೆ ಕಂಡಿರಬೇಕು. ಆ ಪಟ್ಟಿಗೆ ಅದೇ ಹೆಸರು ಉಳಿಯಿತು. ಫ್ರೆಂಚರ ಕೈಯಲ್ಲಿ ಅದು ಸಾಹೆಲ್ ಆಯಿತು.

ಇವತ್ತು ಪತ್ರಿಕೆಗಳಲ್ಲಿ ಸಾಹೆಲ್ ಅಂದರೆ ಬರ, ಬಂದೂಕು, ಸೇನಾ ಕ್ರಾಂತಿ. ಅಲ್ಲಿನ ಮುಸ್ಲಿಮರ ಬಗ್ಗೆ ಬರುವ ಸುದ್ದಿಯಲ್ಲಿ ಬಂದೂಕಿನದೇ ದೊಡ್ಡ ಪಾಲು. ಆದರೆ ಇದೇ ನೆಲದಲ್ಲಿ, 1980ರಿಂದ 2000ರ ನಡುವಿನ ಎರಡು ದಶಕಗಳಲ್ಲಿ, ಗುದ್ದಲಿ ಹಿಡಿದ ಸಾಮಾನ್ಯ ರೈತರು ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಲಕ್ಷಗಟ್ಟಲೆ ಹೆಕ್ಟೇರ್ ಭೂಮಿಯನ್ನು ಮತ್ತೆ ಬೆಳೆ ಕೊಡುವ ಹಾಗೆ ಮಾಡಿದರು. ಸರ್ಕಾರದ ಆದೇಶ ಇಲ್ಲದೆ, ಯಂತ್ರ ಇಲ್ಲದೆ. ಆ ಕೆಲಸ ಹೇಗೆ ನಡೆಯಿತು, ಯಾರು ಮುಂದೆ ನಿಂತರು, ಕೊನೆಗೆ ಆ ನೆಲ ಯಾರದಾಯಿತು ಅನ್ನೋದು ಈ ಬರಹದ ವಿಷಯ. ಕೊನೆಯ ಪ್ರಶ್ನೆಯೇ ಹೆಚ್ಚು ಕಷ್ಟದ್ದು. ಅದಕ್ಕೆ ನಮ್ಮ ಫಿಕ್ಹ್ ಗ್ರಂಥಗಳಲ್ಲೂ ಒಂದು ಹಳೆಯ ಚರ್ಚೆ ಇದೆ. ಅದನ್ನು ಆಮೇಲೆ ನೋಡೋಣ.

ಬುರ್ಕಿನಾ ಫಾಸೋ ದೇಶದ ಉತ್ತರಕ್ಕೆ, ಮಾಲಿ ದೇಶದ ಗಡಿಯ ಹತ್ತಿರ ಯತೆಂಗಾ ಎಂಬ ಪ್ರಾಂತ್ಯ ಇದೆ. ಹಿಂದೆ ಮೊಸ್ಸಿ ಜನರ ಒಂದು ರಾಜ್ಯವಾಗಿತ್ತು. ಅದರ ಮುಖ್ಯ ಪಟ್ಟಣ ವಾಹಿಗುಯಾ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಹೋಗಿಬಿಡುತ್ತದೆ. ಬಿಜಾಪುರ, ಸೊಲ್ಲಾಪುರದ ಮಳೆಯೂ ಹೆಚ್ಚುಕಡಿಮೆ ಇಷ್ಟೇ. ಅಲ್ಲಿನ ಬೆಳೆ ಕೂಡ ನಮ್ಮ ಬಯಲುಸೀಮೆಯದೇ: ಜೋಳ ಮತ್ತು ಸಜ್ಜೆ. ಇದರಲ್ಲಿ ಆಶ್ಚರ್ಯ ಇಲ್ಲ. ಜೋಳವೂ ಸಜ್ಜೆಯೂ ಆಫ್ರಿಕಾದಲ್ಲೇ ಮೊದಲು ಬೇಸಾಯಕ್ಕೆ ಬಂದ ಧಾನ್ಯಗಳು, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂದವು. ಉತ್ತರ ಕರ್ನಾಟಕದವರು ‘ನಮ್ಮ ಜ್ವಾಳದ ರೊಟ್ಟಿ’ ಅಂತ ಹೆಮ್ಮೆಪಡುವಾಗ ಈ ಸಂಬಂಧ ನೆನಪಿದ್ದರೆ ಒಳ್ಳೆಯದು.

1968ರಿಂದ 1973ರವರೆಗೆ ಸಾಹೆಲ್‌ನಲ್ಲಿ ದೊಡ್ಡ ಬರ ಬಿತ್ತು. ದನಕರುಗಳು ಹಿಂಡುಹಿಂಡಾಗಿ ಸತ್ತವು. 1983–84ರಲ್ಲಿ ಮತ್ತೆ ಬರ. ನಡುವಿನ ವರ್ಷಗಳಲ್ಲೂ ಮಳೆ ಹಳೆಯ ಮಟ್ಟಕ್ಕೆ ಬರಲಿಲ್ಲ. ಜನಸಂಖ್ಯೆ ಹೆಚ್ಚಿದ್ದರಿಂದ ಹೊಲಗಳನ್ನು ಪಾಳು ಬಿಟ್ಟು ಸುಧಾರಿಸಿಕೊಳ್ಳಲು ಬಿಡುವ ಹಳೆಯ ಪದ್ಧತಿ ಅದಾಗಲೇ ನಿಂತುಹೋಗಿತ್ತು. ಮರ ಕಡಿದಾಗಿತ್ತು, ಹುಲ್ಲು ಒಣಗಿತ್ತು. ಬರಿಮೈ ನೆಲದ ಮೇಲೆ ಮಳೆಹನಿ ಬಡಿದು ಬಡಿದು ಮೇಲೊಂದು ಹೆಕ್ಕಳೆ ಕಟ್ಟಿಕೊಂಡಿತು. ಆಮೇಲೆ ಬಂದ ಮಳೆ ಒಳಗೆ ಇಳಿಯುವುದೇ ಇಲ್ಲ, ಮಣ್ಣನ್ನೂ ಬೀಜವನ್ನೂ ಗುಡಿಸಿಕೊಂಡು ಹೋಗುತ್ತದೆ. ಮಳೆ ಬಂದರೂ ಬರ ಅನ್ನುವ ಸ್ಥಿತಿ. ಇಂಥ ಬೋಳು ನೆಲಕ್ಕೆ ಮೊಸ್ಸಿಗಳ ಮೋರೆ ಭಾಷೆಯಲ್ಲಿ ‘ಜಿಪೆಲ್ಲೆ’ ಅಂತ ಹೆಸರು.

ಬಾವಿಗಳ ನೀರು ವರ್ಷದಿಂದ ವರ್ಷಕ್ಕೆ ಕೆಳಗೆ ಹೋಯಿತು. ಯತೆಂಗಾದ ಗಂಡಸರು ಐವರಿ ಕೋಸ್ಟ್‌ನ ಕೋಕೋ, ಕಾಫಿ ತೋಟಗಳಿಗೆ ಕೂಲಿಗೆ ಹೊರಟರು. 1975ರಿಂದ 1985ರ ನಡುವೆ ಕೆಲವು ಹಳ್ಳಿಗಳಲ್ಲಿ ನಾಲ್ಕರಲ್ಲೊಂದು ಕುಟುಂಬ ಊರು ಬಿಟ್ಟಿತ್ತು ಅಂತ ಅಧ್ಯಯನಗಳು ಹೇಳುತ್ತವೆ. ಹೊಟ್ಟೆಪಾಡಿಗೆ ಊರು ಬಿಡುವುದು ಏನು ಅಂತ ಮುಂಬೈ, ಪುಣೆಯಲ್ಲಿ ಕೂತು ಇದನ್ನು ಓದುವವರಿಗೆ ವಿವರಿಸಬೇಕಾಗಿಲ್ಲ.

ಸರ್ಕಾರ ಸುಮ್ಮನೆ ಕೂತಿತ್ತು ಅಂತಲ್ಲ. 1960ರಲ್ಲಿ ಸ್ವತಂತ್ರವಾದ ಈ ದೇಶದ ಆಗಿನ ಹೆಸರು ಅಪ್ಪರ್ ವೋಲ್ಟಾ. 1962ರಿಂದ 1965ರವರೆಗೆ ‘ಗೆರೆಸ್’ ಎಂಬ ಸಂಸ್ಥೆಯ ಮೂಲಕ ಯತೆಂಗಾದಲ್ಲಿ ಭಾರೀ ಯೋಜನೆಯೊಂದು ನಡೆಯಿತು. ಬುಲ್ಡೋಜರುಗಳು ಬಂದವು. ಸುಮಾರು 1,20,000 ಹೆಕ್ಟೇರ್ ಜಾಗದಲ್ಲಿ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿದರು. ಎಂಜಿನಿಯರುಗಳ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಒಡ್ಡು ಯಾರ ಹೊಲದ ಮಧ್ಯೆ ಹೋಗುತ್ತದೆ, ಯಾರಿಗೆ ಬರುತ್ತಿದ್ದ ನೀರನ್ನು ತಡೆಯುತ್ತದೆ ಅಂತ ಯಾರೂ ರೈತರನ್ನು ಕೇಳಲಿಲ್ಲ. ಕೆಲಸ ಮುಗಿಸಿ ಯಂತ್ರಗಳು ಹೋದ ಮೇಲೆ ಒಡ್ಡುಗಳನ್ನು ದುರಸ್ತಿ ಮಾಡುವವರು ದಿಕ್ಕಿಲ್ಲ. ಒಂದೊಂದಾಗಿ ಒಡೆದವು. ಒಡೆದ ಕಡೆ ನೀರು ಒಟ್ಟಾಗಿ ನುಗ್ಗಿ ಕೊರಕಲು ಇನ್ನಷ್ಟು ಆಳವಾಯಿತು.

ನಮ್ಮ ಕಡೆಯೂ ಇದಕ್ಕೆ ಹತ್ತಿರದ ಅನುಭವ ಇದೆ. ಬಾಂಬೆ ಪ್ರಾಂತ್ಯದ ಸರ್ಕಾರ 1942ರಲ್ಲಿ ಭೂಸುಧಾರಣಾ ಯೋಜನೆಗಳ ಕಾಯ್ದೆ ತಂದು, ಬಿಜಾಪುರ, ಸೊಲ್ಲಾಪುರದಂಥ ಬರದ ಜಿಲ್ಲೆಗಳಲ್ಲಿ ಸಮಪಾತಳಿ ಒಡ್ಡುಗಳನ್ನು ಹಾಕಿಸಿತು. ತೆಳು ಮಣ್ಣಿನ ಹೊಲಗಳಲ್ಲಿ ಅವು ಉಪಯೋಗಕ್ಕೆ ಬಂದವು. ಆದರೆ ಆಳವಾದ ಎರೆಭೂಮಿಯಲ್ಲಿ ಒಡ್ಡಿನ ಹಿಂದೆ ನೀರು ನಿಂತು ಬೆಳೆ ಕೊಳೆಯುವುದು, ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟಾಗ ಒಡ್ಡೂ ಬಿರುಕು ಬಿಟ್ಟು ಮಳೆಗಾಲದಲ್ಲಿ ಒಡೆಯುವುದು ಮಾಮೂಲಾಯಿತು. ಎರೆಯ ಗುಣ ಹೊಲ ಊಳುವವನಿಗೆ ಗೊತ್ತಿತ್ತು. ನಕ್ಷೆ ಬರೆದವನಿಗೆ ಕಾಣಲಿಲ್ಲ.

ಗೆರೆಸ್ ಯೋಜನೆ ಬಿದ್ದುಹೋದ ಅದೇ ಯತೆಂಗಾದಲ್ಲಿ ಹದಿನೈದು ವರ್ಷಗಳ ನಂತರ ಬೇರೆ ಚರಿತ್ರೆ ಶುರುವಾಯಿತು. ಅದರಲ್ಲಿ ಎಲ್ಲರಿಗಿಂತ ಹೆಚ್ಚು ಕೇಳಿಬರುವ ಹೆಸರು ಯಾಕೂಬಾ ಸವಾಡೊಗೊ. ಯಾಕೂಬಾ ಅಂದರೆ ನಮ್ಮ ಯಾಕೂಬ್. ವಾಹಿಗುಯಾ ಪಟ್ಟಣದ ಹತ್ತಿರದ ಗೂರ್ಗಾ ಎಂಬ ಹಳ್ಳಿಯವರು, 1946ರ ಸುಮಾರಿಗೆ ಹುಟ್ಟಿದವರು. ಚಿಕ್ಕವರಿದ್ದಾಗ ಮನೆಯವರು ಅವರನ್ನು ಮಾಲಿ ದೇಶದ ಒಂದು ಕುರ್‌ಆನ್ ಮದ್ರಸಕ್ಕೆ ಕಳಿಸಿದರು. ಫ್ರೆಂಚ್ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಊರಿಗೆ ಮರಳಿ ಪೇಟೆಯಲ್ಲಿ ವ್ಯಾಪಾರ ಮಾಡಿದರು, ನಾಲ್ಕು ಕಾಸು ಕಂಡರು. 1980ರ ಸುಮಾರಿಗೆ, ಬರಕ್ಕೆ ಹೆದರಿ ಎಲ್ಲರೂ ಹೊಲ ಬಿಟ್ಟು ಪೇಟೆ ಕಡೆ ಓಡುತ್ತಿದ್ದಾಗ, ಇವರು ಪೇಟೆ ಬಿಟ್ಟು ಹೊಲಕ್ಕೆ ಹೋದರು.

ಅವರು ಹಿಡಿದದ್ದು ಹೊಸ ವಿದ್ಯೆಯೇನಲ್ಲ. ಗಟ್ಟಿ ನೆಲದಲ್ಲಿ ಸಣ್ಣ ಗುಂಡಿ ತೋಡಿ ಬಿತ್ತುವ ‘ಜಾಯ್’ ಎಂಬ ಪದ್ಧತಿ ಯತೆಂಗಾದಲ್ಲಿ ಹಿಂದಿನಿಂದಲೂ ಇತ್ತು. ಬೆಳಿಗ್ಗೆ ಬೇಗ ಎದ್ದು ಹೊಲ ಹದ ಮಾಡಲು ಅವಸರದಲ್ಲಿ ಹೋಗುವುದು ಎಂಬ ಅರ್ಥದ ಮೋರೆ ಮಾತಿನಿಂದ ಈ ಪದ ಬಂದಿದೆ ಅನ್ನುತ್ತಾರೆ. ಒಳ್ಳೆಯ ಹೊಲ ಇದ್ದವರು ಅದನ್ನು ಮಾಡುತ್ತಿರಲಿಲ್ಲ. ಬೇರೆ ದಾರಿ ಇಲ್ಲದ ಬಡವರು ಮೂಲೆಯ ಬೋಳು ತುಂಡಿನಲ್ಲಿ ಮಾಡಿಕೊಳ್ಳುತ್ತಿದ್ದರು. ಯಾಕೂಬಾ ಇದರಲ್ಲಿ ಎರಡು ಮೂರು ಬದಲಾವಣೆ ಮಾಡಿದರು. ಗುಂಡಿಯನ್ನು ದೊಡ್ಡದು ಮಾಡಿದರು: ಬಾಯಿ ಒಂದು ಗೇಣು ಅಥವಾ ಸ್ವಲ್ಪ ಹೆಚ್ಚು, ಅಂದರೆ 20ರಿಂದ 30 ಸೆಂಟಿಮೀಟರ್, ಆಳ 10ರಿಂದ 20. ಪ್ರತಿ ಗುಂಡಿಗೂ ತಿಪ್ಪೆಗೊಬ್ಬರ ಹಾಕಿದರು. ಎಲ್ಲಕ್ಕಿಂತ ಮುಖ್ಯವಾಗಿ, ಮಳೆ ಬಿದ್ದ ಮೇಲೆ ತೋಡುವ ಬದಲು ಸುಡು ಬೇಸಿಗೆಯಲ್ಲೇ ತೋಡಿ ಇಟ್ಟರು.

ಇದು ಕೆಲಸ ಮಾಡುವ ಬಗೆ ಬಹಳ ಸರಳ. ತೋಡಿದ ಮಣ್ಣನ್ನು ಗುಂಡಿಯ ತಗ್ಗಿನ ಬದಿಗೆ ಅರ್ಧ ಚಂದ್ರದ ಹಾಗೆ ಕೂಡಿಸುತ್ತಾರೆ. ಬೋಳು ನೆಲದ ಮೇಲೆ ಹರಿದುಬರುವ ನೀರು ಗುಂಡಿಯಲ್ಲಿ ನಿಲ್ಲುತ್ತದೆ. ಅದುವರೆಗೆ ಶತ್ರುವಾಗಿದ್ದ ಹೆಕ್ಕಳೆಯೇ ಈಗ ನೀರು ಕೂಡಿಸಿ ಕೊಡುವ ಚಾವಣಿ. ಗೊಬ್ಬರದ ವಾಸನೆಗೆ ಗೆದ್ದಲು ಬರುತ್ತದೆ. ನಾವು ಗೆದ್ದಲು ಅಂದರೆ ಬಾಗಿಲಿನ ಚೌಕಟ್ಟು ನೆನೆದು ಗಾಬರಿಯಾಗುತ್ತೇವೆ, ಅಲ್ವಾ? ಅಲ್ಲಿ ಅದೇ ಕೂಲಿಯಾಳು. ಗೊಬ್ಬರ ತಿನ್ನಲು ಬಂದ ಗೆದ್ದಲು ಕಲ್ಲಿನಂಥ ನೆಲದಲ್ಲಿ ಸಾವಿರಾರು ಸಣ್ಣ ಸುರಂಗ ಕೊರೆಯುತ್ತದೆ, ನೀರು ಅದರೊಳಗೆ ಇಳಿಯುತ್ತದೆ, ಬೇರು ಅದರ ಹಿಂದೆ ಹೋಗುತ್ತದೆ. ಬೇಸಿಗೆಯಲ್ಲೇ ಗುಂಡಿ ತೋಡಿಡುವುದರಿಂದ ಗೆದ್ದಲಿಗೆ ಕೆಲಸ ಮಾಡಲು ಸಮಯ ಸಿಗುತ್ತದೆ, ಗಾಳಿ ತರುವ ಎಲೆ, ಧೂಳು ಕೂಡ ಅದರಲ್ಲಿ ಬೀಳುತ್ತದೆ. ಮೊದಲ ಮಳೆಗೆ ಬಿತ್ತನೆ. ಮಧ್ಯೆ ಎರಡು ಮೂರು ವಾರ ಮಳೆ ಕೈಕೊಟ್ಟರೂ ಗುಂಡಿಯೊಳಗಿನ ಸಸಿ ತಡೆದುಕೊಳ್ಳುತ್ತದೆ. ಹಾವೇರಿ ಕಡೆಯ ಗುಳಿ ರಾಗಿಯನ್ನು ಕಂಡವರಿಗೆ ಗುಳಿಗೊಂದು ಹಿಡಿ ಗೊಬ್ಬರ ಹಾಕುವುದರ ಲಾಭ ಗೊತ್ತಿರುತ್ತದೆ. ಇಲ್ಲಿ ವ್ಯತ್ಯಾಸ ಏನೆಂದರೆ ನೆಲ ನೇಗಿಲಿಗೆ ಬಗ್ಗುವುದೇ ಇಲ್ಲ.

ಸರಳ ಅಂದೆ, ಸುಲಭ ಅನ್ನಲಿಲ್ಲ. ಒಂದು ಹೆಕ್ಟೇರಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ಗುಂಡಿ ಬೇಕು. ನಲವತ್ತು ಡಿಗ್ರಿ ಬಿಸಿಲಲ್ಲಿ, ಕೈಯಲ್ಲಿ, ಗುದ್ದಲಿಯಿಂದ. ಒಬ್ಬನೇ ಆದರೆ ತಿಂಗಳುಗಟ್ಟಲೆ ದುಡಿಮೆ.

ಊರವರು ನಕ್ಕರು. ಬೇಸಿಗೆಯಲ್ಲಿ ಹೊಲದಲ್ಲಿ ಗುಂಡಿ ತೋಡುವವನಿಗೆ ತಲೆ ಕೆಟ್ಟಿದೆ ಅಂದರು. ಬಿತ್ತನೆಗೆ ಒಂದು ಕಾಲ ಅಂತ ಹಿರಿಯರು ಮಾಡಿಟ್ಟ ಕಟ್ಟಳೆಯನ್ನು ಮುರಿಯುತ್ತಿದ್ದಾನೆ ಅನ್ನುವ ಸಿಟ್ಟೂ ಇತ್ತು. ಯಾಕೂಬಾ ಇನ್ನೊಂದು ಗಮನಿಸಿದರು: ದನದ ಗೊಬ್ಬರದಲ್ಲಿದ್ದ ಮರದ ಬೀಜಗಳು ಗುಂಡಿಯಲ್ಲಿ ಜೋಳದ ಜೊತೆಗೇ ಮೊಳೆಯುತ್ತಿದ್ದವು. ಅವನ್ನು ಕಿತ್ತೆಸೆಯದೆ ಉಳಿಸಿಕೊಂಡರು, ಆಮೇಲೆ ತಾವೇ ಮರದ ಬೀಜ ತಂದು ಬಿತ್ತಿದರು. ಬೋಳು ನೆಲದಲ್ಲಿ ಕಾಡು ಎದ್ದಿತು. ಆ ಕಾಡಿಗೆ ಜನ ಬೆಂಕಿಯನ್ನೂ ಇಟ್ಟರು. ಅವರು ಸುಟ್ಟ ಜಾಗದಲ್ಲಿ ಮತ್ತೆ ಗುಂಡಿ ತೋಡಿದರು. ಕೊನೆಗೆ ಅದು ಸುಮಾರು 40 ಹೆಕ್ಟೇರ್ ಹಬ್ಬಿ, 60ಕ್ಕೂ ಹೆಚ್ಚು ಜಾತಿಯ ಮರ, ಪೊದೆಗಳಿಂದ ತುಂಬಿಕೊಂಡಿತು. ಊರಿನವರು ಔಷಧಿಯ ಬೇರು ತೊಗಟೆಗೆ ಅದೇ ಕಾಡಿಗೆ ಬರತೊಡಗಿದರು.

ಇಷ್ಟೇ ಆಗಿದ್ದರೆ ಇದು ಒಬ್ಬ ಹಠಮಾರಿಯ ಕಥೆಯಾಗುತ್ತಿತ್ತು. ಅವರ ಬಗ್ಗೆ 2010ರಲ್ಲಿ ಬಂದ ಸಾಕ್ಷ್ಯಚಿತ್ರಕ್ಕೆ ‘ಮರುಭೂಮಿಯನ್ನು ತಡೆದ ಮನುಷ್ಯ’ ಎಂಬ ಅರ್ಥದ ಹೆಸರು ಕೊಟ್ಟಿದ್ದಾರೆ, ಆ ಹೆಸರು ಜಗತ್ತಿನಾದ್ಯಂತ ಓಡಿತು. ನನಗೆ ಆ ಹೆಸರು ಅಷ್ಟು ಸರಿ ಕಾಣೋದಿಲ್ಲ. ಸಹಾರಾದ ಮರಳು ನಡೆದುಕೊಂಡು ಬಂದು ಯತೆಂಗಾವನ್ನು ನುಂಗಿದ್ದಲ್ಲ. ಅಲ್ಲಿನ ಮಣ್ಣು ಅಲ್ಲೇ ಸತ್ತದ್ದು. ಅದನ್ನು ಎಬ್ಬಿಸಿದ್ದೂ ಒಬ್ಬ ಮನುಷ್ಯನಲ್ಲ. ಯಾಕೂಬಾ ಅವರ ದೊಡ್ಡತನ ಇರುವುದು ಗುಂಡಿಯಲ್ಲಿ ಎಷ್ಟೋ, ಆ ಗುಂಡಿಯ ವಿದ್ಯೆಯನ್ನು ಹಂಚಿದ ರೀತಿಯಲ್ಲೂ ಅಷ್ಟೇ.

1984ರಿಂದ ಅವರು ತಮ್ಮ ಹೊಲದಲ್ಲೇ ಜಾಯ್ ಸಂತೆ ನಡೆಸಲು ಶುರು ಮಾಡಿದರು. ವರ್ಷಕ್ಕೆ ಎರಡು ಸಲ. ಸುಗ್ಗಿ ಮುಗಿದ ಮೇಲೆ ಒಂದು: ರೈತರು ತಮ್ಮ ತಮ್ಮ ಹೊಲದಲ್ಲಿ ಬೆಳೆದ ತಳಿಗಳ ತೆನೆ, ಕಾಳು ತಂದು ತೋರಿಸುತ್ತಾರೆ, ಯಾಕೂಬಾ ಅವರಲ್ಲಿ ಬಿಟ್ಟು ಹೋಗುತ್ತಾರೆ. ಮಳೆಗಾಲಕ್ಕೆ ಮೊದಲು ಇನ್ನೊಂದು: ಯಾರಿಗೆ ಯಾವ ತಳಿ ಬೇಕೋ ಆರಿಸಿಕೊಂಡು ಹೋಗುತ್ತಾರೆ. ಮಧ್ಯೆ ಮಾತು, ಜಗಳ, ಗುಂಡಿಯ ಅಳತೆ, ಗೊಬ್ಬರದ ಲೆಕ್ಕ. ಕೆಲವೇ ಹಳ್ಳಿಗಳಿಂದ ಶುರುವಾದ ಸಂತೆಗೆ ನೂರಕ್ಕೂ ಹೆಚ್ಚು ಹಳ್ಳಿಗಳು ಸೇರಿಕೊಂಡವು. ಪೇಟೆಯಲ್ಲಿ ಕೂತು ಬಂದವರಲ್ಲವೇ, ಜನ ಎಲ್ಲಿ ಸೇರುತ್ತಾರೆ, ಹೇಗೆ ಸೇರುತ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು.

ಬೇರೆಯವರು ಬೇರೆ ದಾರಿ ಹಿಡಿದರು. ಉಸೇನಿ ಜೊರೊಮೆ ಎಂಬ ರೈತ 1992ರಲ್ಲಿ ರಸ್ತೆ ಬದಿಯ ಒಂದು ಗರಸು ನೆಲವನ್ನು ಆರಿಸಿ, ಅಲ್ಲೇ ಹತ್ತಾರು ರೈತರಿಗೆ ಗುಂಡಿ ತೋಡುವುದನ್ನು ಕಲಿಸಿದರು. ಹೋಗಿ ಬರುವವರೆಲ್ಲ ನೋಡಲಿ ಅಂತಲೇ ರಸ್ತೆ ಬದಿ. ಜನ ಅದನ್ನು ಜಾಯ್ ಶಾಲೆ ಅಂದರು. 2001ರ ಹೊತ್ತಿಗೆ ಇಂಥ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳು, ಸುಮಾರು ಸಾವಿರ ಸದಸ್ಯರು. ಅಲಿ ವೆದ್ರಾವೊಗೊ ಎಂಬ ಇನ್ನೊಬ್ಬರು ಬೇರೆ ಬೇರೆ ಹಳ್ಳಿಗಳಲ್ಲಿ ಒಬ್ಬೊಬ್ಬ ರೈತನನ್ನು ಶಾಗಿರ್ದನಾಗಿ ತೆಗೆದುಕೊಂಡು, ಅವರ ಹೊಲಕ್ಕೆ ಹೋಗಿ ಕೂತು ಕಲಿಸಿದರು. ಕಲಿತವರು ಮತ್ತೆ ಬೇರೆಯವರಿಗೆ ಕಲಿಸಿದರು. ಸಂತೆ, ಶಾಲೆ, ಉಸ್ತಾದ್–ಶಾಗಿರ್ದ್ – ಮೂರೂ ಆ ಸಮಾಜಕ್ಕೆ ಗೊತ್ತಿದ್ದ ರೂಪಗಳೇ. ಇದಕ್ಕಾಗಿ ಅವರು ಯಾವ ಸಮಿತಿಯನ್ನೂ ಹೊಸದಾಗಿ ಹುಟ್ಟಿಸಬೇಕಾಗಲಿಲ್ಲ.

ಹೊರಗಿನವರ ಪಾಲನ್ನೂ ಹೇಳದೆ ಬಿಡಬಾರದು. 1979ರ ಹೊತ್ತಿಗೆ ಆಕ್ಸ್‌ಫ್ಯಾಮ್ ಸಂಸ್ಥೆ ಯತೆಂಗಾದಲ್ಲಿ ಮರ ಬೆಳೆಸುವ ಒಂದು ಸಣ್ಣ ಯೋಜನೆ ಶುರು ಮಾಡಿತ್ತು. ಮರಕ್ಕೆ ಅಂತ ನೀರು ಹಿಡಿಯುವ ತಗ್ಗುಗಳನ್ನು ಮಾಡಿದರೆ ರೈತರು ಅದರಲ್ಲಿ ಜೋಳ ಬಿತ್ತಿದರು. ಯೋಜನೆಯವರು ಬೈಯಲಿಲ್ಲ, ನಿಮಗೆ ಏನು ಬೇಕು ಅಂತ ಕೇಳಿದರು. ಹೊಲಕ್ಕೆ ಅಡ್ಡಲಾಗಿ ಕಲ್ಲಿನ ಸಾಲು ಇಡುವ ಹಳೆಯ ಪದ್ಧತಿ ರೈತರಿಗೆ ಗೊತ್ತಿತ್ತು. ಕಲ್ಲಿನ ಸಾಲು ಮಣ್ಣಿನ ಒಡ್ಡಿನ ಹಾಗಲ್ಲ, ನೀರನ್ನು ಪೂರ್ತಿ ತಡೆಯೋದಿಲ್ಲ, ಸಂದಿಯಲ್ಲಿ ನಿಧಾನಕ್ಕೆ ಸೋಸಿ ಬಿಡುತ್ತದೆ. ಮಣ್ಣು, ಎಲೆ, ಬೀಜ ಹಿಂದೆ ಉಳಿಯುತ್ತದೆ. ಒಡೆಯುವ ಭಯ ಇಲ್ಲ. ಕೊರತೆ ಇದ್ದದ್ದು ಒಂದೇ: ಬಹಳ ಸಣ್ಣ ಇಳಿಜಾರಿನಲ್ಲಿ ಸಮಮಟ್ಟ ಎಲ್ಲಿದೆ ಅಂತ ಬರಿಗಣ್ಣಿಗೆ ಕಾಣೋದಿಲ್ಲ. ಸಾಲು ಸೊಟ್ಟಗಾದರೆ ನೀರು ಒಂದು ಕಡೆ ಓಡುತ್ತದೆ.

ಅದಕ್ಕೆ ಸಿಕ್ಕ ಉಪಾಯ ನೀರು ತುಂಬಿದ ಪಾರದರ್ಶಕ ಪೈಪು. ಎರಡು ಕೋಲಿಗೆ ಅದರ ಎರಡು ತುದಿ ಕಟ್ಟಿ, ನೀರಿನ ಮಟ್ಟ ಎರಡೂ ಕಡೆ ಒಂದೇ ಆಗುವ ಜಾಗ ಹುಡುಕುವುದು. ಮುಂಬೈಯಲ್ಲಿ ಕಟ್ಟಡದ ಕೆಲಸ ನೋಡಿದ್ದೀರಾದರೆ ಗೌಂಡಿಗಳು ಗೋಡೆಯಿಂದ ಗೋಡೆಗೆ ಇದೇ ಪೈಪು ಹಿಡಿದು ಗುರುತು ಹಾಕುವುದನ್ನು ಕಂಡಿರುತ್ತೀರಿ. ಆರು ಡಾಲರಿನಷ್ಟು ಖರ್ಚು, ಓದು ಬಾರದ ರೈತ ಒಂದೆರಡು ದಿನದಲ್ಲಿ ಕಲಿಯುವ ಕೆಲಸ. ಬುಲ್ಡೋಜರಿಂದ ಆಗದ್ದು ಈ ಪೈಪಿನಿಂದ ಆಯಿತು. ಮಾಥ್ಯೂ ವೆದ್ರಾವೊಗೊ ಎಂಬ ಸ್ಥಳೀಯರು ಈ ಯೋಜನೆಯನ್ನು ವರ್ಷಗಟ್ಟಲೆ ನಡೆಸಿದರು. ಕಲ್ಲು ಹೊರುವುದು ಒಬ್ಬರಿಬ್ಬರ ಕೆಲಸವಲ್ಲ. ಅಲ್ಲಿ ನೆರವಿಗೆ ಬಂದದ್ದು ಹಳ್ಳಿಯ ‘ನಾಮ್’ ಗುಂಪುಗಳು. ಮೊಸ್ಸಿ ಯುವಕರ ಹಳೆಯ ಕೂಡುಗೆಲಸದ ಪದ್ಧತಿಯನ್ನೇ ಬರ್ನಾರ್ ಲೆಡೆಯಾ ವೆದ್ರಾವೊಗೊ ಎಂಬ ಶಿಕ್ಷಕರು 1967ರಿಂದ ಸಂಘಗಳಾಗಿ ಬೆಳೆಸಿದ್ದರು. ಕಲ್ಲು ಆರಿಸಿ ತಲೆಯ ಮೇಲೆ ಹೊತ್ತು ತಂದವರಲ್ಲಿ ಹೆಂಗಸರು ಬಹಳ. ಅವರ ಹೆಸರು ಯಾವ ಪ್ರಶಸ್ತಿಪತ್ರದಲ್ಲೂ ಇಲ್ಲ.

ಕಲ್ಲಿನ ಸಾಲು ಮತ್ತು ಗುಂಡಿ ಜೊತೆಗೂಡಿದಾಗ ಏನೂ ಬೆಳೆಯದ ಜಿಪೆಲ್ಲೆಯಲ್ಲಿ ಕಡಿಮೆ ಮಳೆಯ ವರ್ಷದಲ್ಲೂ ಹೆಕ್ಟೇರಿಗೆ 300–400 ಕಿಲೋ ಧಾನ್ಯ ಬಂತು. ಒಳ್ಳೆಯ ವರ್ಷದಲ್ಲಿ 1,500 ಕಿಲೋವರೆಗೂ ಹೋಯಿತು. ಬುರ್ಕಿನಾ ಫಾಸೋದಲ್ಲಿ ಸುಮಾರು ಮೂರು ದಶಕಗಳಲ್ಲಿ ಹೀಗೆ ಚೇತರಿಸಿಕೊಂಡ ನೆಲ ಎರಡರಿಂದ ಮೂರು ಲಕ್ಷ ಹೆಕ್ಟೇರ್ ಅಂತ ಈ ವಿಷಯವನ್ನು ದೀರ್ಘಕಾಲ ಅಧ್ಯಯನ ಮಾಡಿದ ಡಚ್ ತಜ್ಞ ಕ್ರಿಸ್ ರೈ ಮತ್ತು ಅವರ ಜೊತೆಗಾರರು ಅಂದಾಜು ಮಾಡಿದ್ದಾರೆ. ಕೆಲವು ಹಳ್ಳಿಗಳ ಬಾವಿಯಲ್ಲಿ ನೀರು ಮೇಲೆ ಬಂತು.

ಸುದ್ದಿ ಗಡಿಯನ್ನೂ ದಾಟಿತು. 1989ರಲ್ಲಿ ನೆರೆಯ ನೈಜರ್ ದೇಶದ ಇಲ್ಲೆಲಾ ಜಿಲ್ಲೆಯಿಂದ 13 ಜನ ರೈತರು ಯತೆಂಗಾಕ್ಕೆ ಬಂದು ನೋಡಿದರು. ಅವರ ಊರಲ್ಲೂ ಇಂಥದೇ ಗುಂಡಿಯ ಪದ್ಧತಿ ಇತ್ತು, ‘ತಾಸ್ಸಾ’ ಅಂತ ಹೆಸರು, ಮರೆತುಬಿಟ್ಟಿದ್ದರು. ವಾಪಸ್ ಹೋಗಿ ಆ ವರ್ಷ ನಾಲ್ಕು ಹೆಕ್ಟೇರಿನಷ್ಟು ಜಾಗದಲ್ಲಿ ಮಾಡಿ ನೋಡಿದರು. 1990ರಲ್ಲಿ 70 ಹೆಕ್ಟೇರ್ ಆಯಿತು. ಆ ವರ್ಷ ಬರ. ತಾಸ್ಸಾ ಮಾಡಿದವರ ಹೊಲದಲ್ಲಿ ಮಾತ್ರ ಹೇಳಿಕೊಳ್ಳುವಂಥ ಬೆಳೆ ನಿಂತಿತು. ಆಮೇಲೆ ಯಾರಿಗೂ ಉಪದೇಶ ಮಾಡಬೇಕಾಗಲಿಲ್ಲ.

ಇದರ ಮಿತಿಯನ್ನೂ ಹೇಳಬೇಕು. ಮರಳು ನೆಲದಲ್ಲಿ ಗುಂಡಿ ನಿಲ್ಲೋದಿಲ್ಲ. ಮಳೆ ತೀರಾ ಹೆಚ್ಚಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ಎಲ್ಲಕ್ಕಿಂತ ದೊಡ್ಡ ಅಡ್ಡಿ ಗೊಬ್ಬರ. ದನ ಇಲ್ಲದವನಿಗೆ ಗೊಬ್ಬರ ಎಲ್ಲಿಂದ ಬರಬೇಕು? ಮೊಸ್ಸಿ ರೈತರು ಹಿಂದೆ ತಮ್ಮ ದನಗಳನ್ನು ಫುಲಾನಿ ಗೊಲ್ಲರ ವಶಕ್ಕೆ ಕೊಟ್ಟು ಮೇಯಿಸುತ್ತಿದ್ದರು. ಹೊಲದಲ್ಲಿ ಮೇವು, ಮರ ಹೆಚ್ಚಾದ ಮೇಲೆ ಎಷ್ಟೋ ಜನ ದನಗಳನ್ನು ಮನೆಗೆ ತಂದು ಕಟ್ಟಿಕೊಂಡರು. ಗೊಬ್ಬರ ಸಿಕ್ಕಿತು. ಆದರೆ ಫುಲಾನಿಗಳಿಗೆ ಆ ಕೆಲಸ ಹೋಯಿತು, ಅವರು ಮೇಯಿಸುತ್ತಿದ್ದ ಬೋಳು ನೆಲವೂ ಹೊಲವಾಯಿತು. ಒಬ್ಬರ ಚೇತರಿಕೆಯ ಖರ್ಚು ಇನ್ನೊಬ್ಬರ ತಲೆಗೆ ಬೀಳುವುದು ಇಂಥ ಒಳ್ಳೆಯ ಕಥೆಗಳಲ್ಲೂ ಇದ್ದೇ ಇರುತ್ತದೆ.

ಹೀಗೆ ನಾವು ಆ ಪ್ರಶ್ನೆಗೆ ಬಂದೆವು: ಸತ್ತ ನೆಲವನ್ನು ಬದುಕಿಸಿದ ಮೇಲೆ ಅದು ಯಾರದು?

ಬೋಳಾಗಿದ್ದಾಗ ಯಾರಿಗೂ ಬೇಡವಾಗಿದ್ದ ನೆಲಕ್ಕೆ ಬೆಳೆ ಬರತೊಡಗಿದಾಗ ಬೆಲೆ ಬಂತು. ನೈಜರ್‌ನ ಇಲ್ಲೆಲಾದಲ್ಲಿ ಕೆಟ್ಟ ನೆಲವನ್ನೇ ಹುಡುಕಿ ಕೊಳ್ಳುವವರು ಹುಟ್ಟಿಕೊಂಡರು. ಯತೆಂಗಾದಲ್ಲಿ ಹಳೆಯ ಕಟ್ಟಳೆ ಪ್ರಕಾರ ನೆಲ ಪೂರ್ವಿಕರದ್ದು. ‘ತೆಂಗ್‌ಸೋಬಾ’ ಎಂಬ ಭೂಮಿಯ ಹಿರಿಯ ಅದರ ಕಾವಲುಗಾರ. ಮನೆತನಗಳಿಗೆ ಇರುವುದು ಉಳುವ ಹಕ್ಕು. ಹೊರಗಿಂದ ಬಂದವರು ಎರವಲು ಪಡೆದು ಉಳಬಹುದು, ಆದರೆ ಮರ ನೆಡುವ ಹಾಗಿಲ್ಲ, ಮರ ನೆಟ್ಟರೆ ನೆಲ ನನ್ನದು ಅಂದ ಹಾಗೆ. ಅದರಿಂದ ಎರವಲು ಹೊಲದವರಿಗೆ, ಗಂಡನ ಮನೆತನದ ತುಂಡು ನೆಲದಲ್ಲಿ ಬೆಳೆಯುವ ಹೆಂಗಸರಿಗೆ, ಕಷ್ಟಪಟ್ಟು ಮಣ್ಣು ಸುಧಾರಿಸುವುದರಲ್ಲಿ ಒಂದು ಭಯ ಇದ್ದೇ ಇತ್ತು. ಸುಧಾರಿಸಿದ ಮೇಲೆ ಯಜಮಾನ ವಾಪಸ್ ಕೇಳಿದರೆ?

ಸರ್ಕಾರದ ಕಾನೂನು ಬೇರೆ. 1983ರಲ್ಲಿ ಅಧಿಕಾರಕ್ಕೆ ಬಂದ ತೋಮಾ ಸಂಕಾರಾ ದೇಶಕ್ಕೆ ಬುರ್ಕಿನಾ ಫಾಸೋ ಅಂತ ಹೆಸರಿಟ್ಟದ್ದು 1984ರ ಆಗಸ್ಟ್‌ನಲ್ಲಿ. ಅದೇ ಹೊತ್ತಿಗೆ ಬಂದ ಭೂಕಾಯ್ದೆ ಎಲ್ಲ ನೆಲವೂ ರಾಷ್ಟ್ರದ್ದು ಅಂತ ಘೋಷಿಸಿತು. ಜಮೀನ್ದಾರಿಕೆಯನ್ನು ಮುರಿಯುವುದು ಉದ್ದೇಶ. ಸಂಕಾರಾ ಮರ ನೆಡುವುದಕ್ಕೆ, ಕಾಡ್ಗಿಚ್ಚು ತಡೆಯುವುದಕ್ಕೆ ದೊಡ್ಡ ಚಳವಳಿಯನ್ನೇ ನಡೆಸಿದವರು. ಆದರೆ ಅವರ ಕಾಯ್ದೆ ಮರ ನೆಟ್ಟವನ ಕೈಗೆ ಯಾವ ಕಾಗದವನ್ನೂ ಕೊಡಲಿಲ್ಲ. 1987ರಲ್ಲಿ ಅವರ ಕೊಲೆಯಾಯಿತು. ಕಾಯ್ದೆ ಮುಂದೆ ತಿದ್ದುಪಡಿಯಾಯಿತು, 2009ರ ಹೊಸ ಕಾಯ್ದೆ ಹಳ್ಳಿಗರ ಅನುಭೋಗದ ಹಕ್ಕಿಗೆ ದಾಖಲೆ ಕೊಡುವ ದಾರಿ ತೆರೆಯಿತು. ಅದು ಗ್ರಾಮೀಣ ಭೂಮಿಯ ಕಾಯ್ದೆ ಅನ್ನೋದನ್ನು ನೆನಪಿಡಿ.

ಇನ್ನು ಫಿಕ್ಹ್. ಅಲ್ಲಿನ ನ್ಯಾಯಾಲಯದಲ್ಲಿ ಅದು ನಡೆಯೋದಿಲ್ಲ, ಆದರೂ ಅಲ್ಲಿನ ಮುಸ್ಲಿಮರ ಮನಸ್ಸಿನ ನ್ಯಾಯ ಅದರಿಂದ ದೂರ ಇರಲಾರದು. ‘ಇಹ್ಯಾಉಲ್ ಮವಾತ್’ ಅಂದರೆ ಸತ್ತದ್ದನ್ನು ಬದುಕಿಸುವುದು. ಒಡೆಯನಿಲ್ಲದ, ಸಾಗುವಳಿಯಿಲ್ಲದ ನೆಲವನ್ನು ಯಾರು ಬೇಸಾಯಕ್ಕೆ ತರುತ್ತಾರೋ ಅದು ಅವರದು ಎಂಬುದು ತತ್ವ. ಬರೀ ಬೇಲಿ ಹಾಕಿಟ್ಟು ಮೂರು ವರ್ಷ ಸುಮ್ಮನಿದ್ದವನಿಗೆ ಹಕ್ಕಿಲ್ಲ. ಊರಿನ ದನ ಮೇಯುವ, ಸೌದೆ ಆರಿಸುವ ನೆಲ ಸತ್ತ ನೆಲ ಅನಿಸಿಕೊಳ್ಳೋದೂ ಇಲ್ಲ; ಫುಲಾನಿ ಗೊಲ್ಲನ ಮಾತಿಗೆ ಇಲ್ಲಿ ಜಾಗ ಇದೆ. ಭಿನ್ನಾಭಿಪ್ರಾಯ ಇರುವುದು ಆಳುವವರ ಅನುಮತಿ ಬೇಕೇ ಎಂಬುದರಲ್ಲಿ. ಬೇಕು ಅಂದರು ಇಮಾಮ್ ಅಬೂ ಹನೀಫಾ. ಬೇಡ ಅಂದರು ಅವರ ಶಿಷ್ಯರಾದ ಅಬೂ ಯೂಸುಫ್. ಖಲೀಫ ಹಾರೂನ್ ರಶೀದರಿಗಾಗಿ ಬರೆದ ‘ಕಿತಾಬುಲ್ ಖರಾಜ್’ನಲ್ಲಿ, ಇಬ್ಬರು ಒಂದೇ ನೆಲಕ್ಕೆ ಜಗಳವಾಡಬಾರದು ಅಂತ ತಮ್ಮ ಗುರು ಹಾಗೆ ಹೇಳಿರಬೇಕು ಎಂದು ಅವರೇ ವಿವರಿಸುತ್ತಾರೆ. ನಮ್ಮ ಕರಾವಳಿಯ ಶಾಫಿಈಗಳ ಮದ್‌ಹಬ್‌ನಲ್ಲೂ ಅನುಮತಿ ಬೇಕಿಲ್ಲ. ಪಶ್ಚಿಮ ಆಫ್ರಿಕಾದವರು ಮಾಲಿಕಿಗಳು. ಅವರದು ನಡುದಾರಿ: ಊರಿಗೆ ಹತ್ತಿರದ ನೆಲವಾದರೆ ಅನುಮತಿ ಬೇಕು, ದೂರದ್ದಾದರೆ ಬೇಡ.

ಯಾಕೂಬಾ ಗುಂಡಿ ತೋಡಲು ಶುರು ಮಾಡಿದಾಗ ಅವರ ನೆಲ ಪಟ್ಟಣದಿಂದ ದೂರವೇ ಇತ್ತು. ಹತ್ತಿರ ಬಂದದ್ದು ಪಟ್ಟಣ. ವಾಹಿಗುಯಾ ಬೆಳೆಯುತ್ತಾ ಬೆಳೆಯುತ್ತಾ ಗೂರ್ಗಾ ಕಡೆಗೆ ಚಾಚಿತು. ಕಾಡಿನ ಒಂದು ಭಾಗವನ್ನು ಪಟ್ಟಣದ ವಿಸ್ತರಣೆಗೆ ಸೇರಿಸಿ ನಿವೇಶನಗಳಾಗಿ ವಿಂಗಡಿಸಿದರು. ಗ್ರಾಮೀಣ ಕಾಯ್ದೆಯ ಆಸರೆ ಅಲ್ಲಿಗೆ ತಲುಪಲಿಲ್ಲ. ಕಾಡಿನೊಳಗೆ ಮನೆಗಳು ಎದ್ದವು. ಇಪ್ಪತ್ತೈದು ವರ್ಷ ಕೈಯಾರೆ ಬೆಳೆಸಿದ ಮರಗಳ ನೆಲಕ್ಕೆ ಅವರು ಹಣ ಕೊಟ್ಟು ಕೊಳ್ಳಬೇಕಾದ ಸ್ಥಿತಿ ಬಂತು; ಅಷ್ಟು ಹಣ ಅವರಲ್ಲಿ ಇರಲಿಲ್ಲ. ಅವರಿಗೆ ಒದಗಿದ ನಷ್ಟವನ್ನು ನೋಡಿ: ನೆಲ ಬೋಳಾಗಿಯೇ ಇದ್ದಿದ್ದರೆ ಕಳೆದುಕೊಳ್ಳಲು ಅಲ್ಲಿ ಏನೂ ಇರುತ್ತಿರಲಿಲ್ಲ.

2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2020ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ‘ಚಾಂಪಿಯನ್ಸ್ ಆಫ್ ದಿ ಅರ್ತ್’ ಗೌರವ ಬಂತು. ಅಷ್ಟರಲ್ಲಿ ಬುರ್ಕಿನಾ ಫಾಸೋದ ಉತ್ತರದ ಹಳ್ಳಿಗಳನ್ನು ಸಶಸ್ತ್ರ ಗುಂಪುಗಳು ಆವರಿಸಿಕೊಂಡಿದ್ದವು. ಧರ್ಮದ ಹೆಸರು ಹೇಳುವ ಆ ಗುಂಪುಗಳಿಂದ ಸತ್ತವರಲ್ಲಿ, ಮನೆ ಬಿಟ್ಟವರಲ್ಲಿ ಮುಸ್ಲಿಮರೇ ಬಹಳ. ಸೇನೆಯ ಕೈಯಲ್ಲಿ ಸತ್ತ ಫುಲಾನಿಗಳೂ ಕಡಿಮೆಯಲ್ಲ. ಸಾವಿರಾರು ಕುಟುಂಬಗಳು ಹೊಲ ಬಿಟ್ಟು ವಾಹಿಗುಯಾ ಪಟ್ಟಣಕ್ಕೆ ಬಂದು ಸೇರಿದವು. 2023ರ ಡಿಸೆಂಬರ್ 3ರಂದು ಯಾಕೂಬಾ ಸವಾಡೊಗೊ ಅದೇ ಪಟ್ಟಣದಲ್ಲಿ ತೀರಿಕೊಂಡರು. ಇನ್ನಾಲಿಲ್ಲಾಹ್.

ಜಾಯ್ ಗುಂಡಿ ಒಮ್ಮೆ ತೋಡಿದರೆ ಶಾಶ್ವತ ಅಲ್ಲ. ಎರಡು ಮೂರು ಮಳೆಗಾಲದಲ್ಲಿ ಮಣ್ಣು ತುಂಬಿಕೊಳ್ಳುತ್ತದೆ, ಆಗ ಅದನ್ನು ಬಿಡಿಸಬೇಕು, ಇಲ್ಲವೇ ನಡುವಿನ ಜಾಗದಲ್ಲಿ ಹೊಸ ಗುಂಡಿ ತೋಡಬೇಕು, ಮತ್ತೆ ಗೊಬ್ಬರ ಹಾಕಬೇಕು. ಆ ಕೆಲಸ ಮಾಡಬೇಕಾದ ಎಷ್ಟೋ ಜನ ಈಗ ಹೊಲದಿಂದ ದೂರ, ಪಟ್ಟಣದ ಅಂಚಿನ ಡೇರೆಗಳಲ್ಲಿದ್ದಾರೆ.